ಇಂಗ್ಲೆಂಡಿಗೆ ಹೊರಟಿರುವ ಮೈಸೂರು, ಮಂಡ್ಯದವರಿಗೆ: ಇಂಗ್ಲಿಷ್ ಮಾತಿನ ತಯಾರಿ

ನಮ್ಮ ಕಡೆಯಿಂದ ಗಂಡನ ಜೊತೆಗೋ ಹೆಂಡತಿಯ ಜೊತೆಗೋ ಇಲ್ಲಿಗೆ ಬರುವವರು ಹೊರಡುವ ಮುಂಚೆ ಕೇಳುತ್ತಾರೆ, ‘ಎಷ್ಟು ಇಂಗ್ಲಿಷ್ ಪದ ಬಾಯಿಪಾಠ ಮಾಡಲಿ?’ ಆ ಪಟ್ಟಿಗಳನ್ನು ಪಕ್ಕಕ್ಕಿಡಿ. ಇನ್ನೂ ಊರಲ್ಲಿರುವಾಗಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದೇವರಾಜ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಹತ್ತಿರ ಆಡಿದ ಮಾತನ್ನು ಸಂಜೆ ಕನ್ನಡದಲ್ಲೇ ಬರೆದು, ಎದುರಿಗೆ ಇಂಗ್ಲಿಷಿನ ಇಡೀ ವಾಕ್ಯ ಬರೆಯಿರಿ.

ಇಡೀ ವಾಕ್ಯವೇ ಯಾಕೆ? ನಮ್ಮಲ್ಲಿ ಮರ್ಯಾದೆ ಕ್ರಿಯಾಪದದೊಳಗೇ ಇರುತ್ತದೆ. ‘ನೀರು ಕೊಡಿ’ ಅಂದರೆ ಸಾಕು. ಅದನ್ನೇ ಪದಕ್ಕೆ ಪದ ಹಚ್ಚಿ ‘ಗಿವ್ ಮಿ ವಾಟರ್’ ಅಂದರೆ ‘ನೀರು ಕೊಡೋ’ ಅಂತ ಗದರಿದ ಹಾಗೆ ಕೇಳಿಸುತ್ತದೆ. ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಎನ್ನುವುದು ಒಂದೇ ಉಸಿರಿಗೆ ಬರಲಿ. ಬಸ್ಸಿನಲ್ಲಿ ‘ಎರಡು ಮದ್ದೂರು’ ಅಂದರೆ ನಮ್ಮ ಕಂಡಕ್ಟರಿಗೆ ಗೊತ್ತಾಗುತ್ತದೆ. ಇಲ್ಲಿ ಸಾಮಾನ್ಯವಾಗಿ ಡ್ರೈವರೇ ಟಿಕೆಟ್ ಕೊಡುವುದು. ಹೋಗುವುದಕ್ಕೆ ಮಾತ್ರವಾದರೆ ‘ಸಿಂಗಲ್’, ಹೋಗಿ ಬರುವುದಕ್ಕೆ ‘ರಿಟರ್ನ್’.

ಹೆಚ್ಚು ಹೊತ್ತು ಕೊಡಬೇಕಾದದ್ದು ಮೈಗೆ ಹುಷಾರಿಲ್ಲದಾಗ ಆಡುವ ಮಾತಿಗೆ. ತಲೆ ಸುತ್ತಿದರೆ ‘ಐ ಫೀಲ್ ಡಿಜ್ಜಿ’. ಪಾದ ಜೋಮು ಹಿಡಿದರೆ ‘ಐವ್ ಗಾಟ್ ಪಿನ್ಸ್ ಅಂಡ್ ನೀಡಲ್ಸ್ ಇನ್ ಮೈ ಫುಟ್’. ಪಿನ್ನು, ಸೂಜಿ ಎರಡೂ ಪದ ಬೇರೆಬೇರೆಯಾಗಿ ಗೊತ್ತಿದ್ದರೂ ಇದು ಹೊಳೆಯುವುದಿಲ್ಲ. ‘ಐ ಫೀಲ್ ಸಿಕ್’ ಅಂದರೆ ಇಲ್ಲಿಯವರು ವಾಂತಿ ಬರುವಂತಿದೆ ಅಂದುಕೊಳ್ಳುತ್ತಾರೆ. ಸುಮ್ಮನೆ ಹುಷಾರಿಲ್ಲ ಅನ್ನಲು ‘ಐ ಡೋಂಟ್ ಫೀಲ್ ವೆಲ್’. ‘ಮೂರು ದಿನದಿಂದ ಜ್ವರ’ ಅನ್ನುವಾಗ ನಮ್ಮ ‘ಇಂದ’ ಪ್ರತ್ಯಯ ‘ಫ್ರಮ್ ತ್ರೀ ಡೇಸ್’ ಕಡೆಗೆ ಎಳೆಯುತ್ತದೆ. ‘ಐವ್ ಹ್ಯಾಡ್ ಎ ಟೆಂಪರೇಚರ್ ಫಾರ್ ತ್ರೀ ಡೇಸ್’ ಅನ್ನಿ. ‘ಲೂಸ್ ಮೋಷನ್’ ಇಲ್ಲಿ ಎಲ್ಲರಿಗೂ ತಿಳಿಯುವುದಿಲ್ಲ, ‘ಡಯರಿಯಾ’ ಎನ್ನಬೇಕು.

ನಾವು ಇಂಗ್ಲಿಷೆಂದೇ ಕಲಿತ ಇನ್ನೂ ಕೆಲವು ಹೀಗೇ. ಕಾಲೇಜಿನಿಂದ ‘ಪಾಸ್ ಔಟ್’ ಆದೆ ಅಂದರೆ ಮೂರ್ಛೆ ಹೋದಿರೇನೋ ಅಂದುಕೊಂಡಾರು. ಅಂಗಡಿಯಲ್ಲಿ ಬದನೆಕಾಯಿ ‘ಓಬರ್ಜೀನ್’, ಬೆಂಡೆಕಾಯಿ ‘ಓಕ್ರಾ’.

ನಿಘಂಟು ಬೇಕೆಂದರೆ ನಾನು ಹೇಳುವುದು ಕೋಬಿಲ್ಡ್. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಮುಂದಾಳತ್ವದಲ್ಲಿ 1987ರಲ್ಲಿ ಮೊದಲು ಬಂತು. ಅದು ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ. ಉದಾಹರಣೆಗಳು ಜನ ನಿಜವಾಗಿ ಆಡಿದ, ಬರೆದ ಮಾತುಗಳಿಂದ ಆಯ್ದವು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಎಷ್ಟೇ ಕಲಿತಿದ್ದರೂ ನೋವಿನಲ್ಲಿ ಬಾಯಿಗೆ ಬರುವುದು ಕನ್ನಡವೇ. ತುರ್ತಿಗೆ 999, ಅಷ್ಟು ತುರ್ತಲ್ಲದ ವೈದ್ಯಕೀಯ ಸಲಹೆಗೆ 111. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮನೆಯ ಮಕ್ಕಳನ್ನು ಆ ಕೆಲಸಕ್ಕೆ ದಯವಿಟ್ಟು ನಿಲ್ಲಿಸಬೇಡಿ. ‘ಕುಡ್ ಐ ಹ್ಯಾವ್ ಎ ಕನ್ನಡ ಇಂಟರ್‌ಪ್ರಿಟರ್, ಪ್ಲೀಸ್?’ ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ, ಆ ಹೊತ್ತಿಗೆ ಅವರು ಒಬ್ಬರನ್ನು ಗೊತ್ತುಮಾಡಲು ಸಮಯ ಸಿಗುತ್ತದೆ.