ಕೇಸ್ ಸ್ಟಡಿ ಬರೆಯಲು ಆಗದಿದ್ದಾಗ: ಆಕ್ಯುಪೇಷನಲ್ ಥೆರಪಿ ಓದುವಾಗಿನ ನನ್ನ ಅನುಭವ

ಆಕ್ಯುಪೇಷನಲ್ ಥೆರಪಿ ಅಂದರೆ ಕಾಯಿಲೆ ಬಿದ್ದವರು, ಪೆಟ್ಟಾದವರು ಊಟ, ಸ್ನಾನದಂಥ ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ. ಅದನ್ನು ಓದುವ ಎಷ್ಟೋ ಜನರಿಗೆ ವಾರ್ಡಿನ ಕೆಲಸಕ್ಕಿಂತ ಅದನ್ನು ಬರೆಯುವುದೇ ಕಷ್ಟ. ರೋಗಿಯ ಜೊತೆ ಕೂತು ಏನು ಮಾಡಿದೆವು, ಯಾಕೆ ಮಾಡಿದೆವು ಅಂತ ಬಾಯಲ್ಲಿ ಹೇಳುತ್ತೇವೆ. ಅದೇ ಇಂಗ್ಲಿಷ್‌ನಲ್ಲಿ ಕೇಸ್ ಸ್ಟಡಿ ಆಗಬೇಕು ಅಂದರೆ ಮೊದಲ ಸಾಲೇ ಹೊರಡುವುದಿಲ್ಲ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೊನೆಯ ವರ್ಷದಲ್ಲಿ ಈ ಕಷ್ಟ ಜಾಸ್ತಿಯಾಯಿತು. ಪುಸ್ತಕ ಅರ್ಥವಾಗುತ್ತಿತ್ತು, ವೈವಾದಲ್ಲಿ ಉತ್ತರ ಬರುತ್ತಿತ್ತು. ಲ್ಯಾಪ್‌ಟಾಪ್ ಮುಂದೆ ಕೂತರೆ ಮಾತ್ರ ಏನೂ ಬರುತ್ತಿರಲಿಲ್ಲ.

ನನ್ನ ಕೇಸ್ ಲಕ್ವ ಹೊಡೆದು ಬಲಗೈ ಸ್ವಾಧೀನ ಕಳೆದುಕೊಂಡಿದ್ದ ಒಬ್ಬ ರೈತರದು. ಅವರಿಗೆ ಬೇಕಿದ್ದದ್ದು ಒಂದೇ: ತಮ್ಮ ಬಲಗೈಯಲ್ಲಿ ರಾಗಿಮುದ್ದೆ ತಿನ್ನುವುದು. ರೋಗಿ ದಿನದ ಕೆಲಸಗಳನ್ನು ಎಷ್ಟು ತಾನೇ ಮಾಡಿಕೊಳ್ಳುತ್ತಾನೆ ಅಂತ ಅಂಕ ಕೊಡಲು ನಾವು ಬಳಸುವ ಬಾರ್ಥೆಲ್ ಇಂಡೆಕ್ಸ್ 1965ರದು. ಒಟ್ಟು 100 ಅಂಕದಲ್ಲಿ ಊಟಕ್ಕೆ 10. ಅಲ್ಲಿ ಸಹಾಯ ಅಂದರೆ ಊಟವನ್ನು ಕತ್ತರಿಸಿಕೊಡುವಂಥದ್ದು. ಮುದ್ದೆ ಉಣ್ಣುವವರ ಕೈ ಏನು ಮಾಡುತ್ತದೆ ಅನ್ನುವುದನ್ನು ನಾನೇ ಬರೆಯಬೇಕಿತ್ತು.

ಒಬ್ಬರು ಸೀನಿಯರ್ ಅಕ್ಕ ಹೇಳಿದರು: "ಈಗ ಬರೀಬೇಡ ಕಣೇ. ಸುಮ್ನೆ ನನಗೆ ಹೇಳು, ಆ ಯಜಮಾನ್ರು ಮುದ್ದೆ ಹೇಗೆ ತಿಂತಾರೆ?" ಫೋನಿನಲ್ಲಿ ರೆಕಾರ್ಡ್ ಹಾಕಿಟ್ಟರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲು ನೆಟ್ಟಗೆ ಕೂರುವ ಬಲ ಬೇಕು. ಭುಜ ಮುಂದೆ ಬರಬೇಕು, ಮಣಿಕಟ್ಟು ಗಟ್ಟಿಯಾಗಿ ನಿಲ್ಲಬೇಕು. ಹೆಬ್ಬೆರಳು ಬೇರೆ ಬೆರಳುಗಳಿಗೆ ತಾಗಿ ತುತ್ತು ಮುರಿಯಬೇಕು, ಸಾರಿನಲ್ಲಿ ಅದ್ದಬೇಕು, ಜಾರಿ ಬೀಳದಂತೆ ಬಾಯಿಗೆ ಒಯ್ಯಬೇಕು. ಬಿಸಿ ತಿಳಿಯುವ ಸ್ಪರ್ಶ ಇಲ್ಲದಿದ್ದರೆ ಬೆರಳು ಸುಡುತ್ತದೆ. ಇನ್ನೊಂದು ಮುಖ್ಯ ಮಾತು: ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಲಕ್ವ ಆದವರಿಗೆ ನುಂಗುವ ತೊಂದರೆ ಇರಬಹುದು. ಹಾಗಾಗಿ ಕೈ ಅಭ್ಯಾಸಕ್ಕೆ ಮುಂಚೆ ನುಂಗುವುದು ಸರಿಯಿದೆಯಾ ಅಂತ ಪರೀಕ್ಷೆ ಆಗಲೇಬೇಕು.

ಹೇಳಿ ಮುಗಿಸುವಷ್ಟರಲ್ಲಿ ಪೂರ್ತಿ ಆಕ್ಟಿವಿಟಿ ಅನಾಲಿಸಿಸ್, ಅಂದರೆ ಒಂದು ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ನೋಡುವುದು, ನನ್ನ ಬಾಯಿಂದಲೇ ಬಂದಿತ್ತು. ಅದನ್ನು ಕೇಳಿಕೊಂಡು ಕನ್ನಡದಲ್ಲೇ ಬರೆದುಕೊಂಡೆ, ಆಮೇಲೆ ಇಂಗ್ಲಿಷ್‌ಗೆ ತಂದೆ. ಕನ್ನಡದಲ್ಲಿ ಯೋಚನೆ ಮಾಡುವವರು ಮೊದಲು ಕನ್ನಡದಲ್ಲೇ ಬರೆದುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ರೆಕಾರ್ಡಿಂಗ್‌ನಲ್ಲಿ ರೋಗಿಯ ಹೆಸರು, ಊರು, ಆಸ್ಪತ್ರೆ ನಂಬರ್ ಬರಬಾರದು. ಕೆಲಸ ಮುಗಿದ ಮೇಲೆ ಅಳಿಸಿಬಿಡಬೇಕು.

ಆಮೇಲೆ ನನ್ನ ಬರವಣಿಗೆಯನ್ನೂ ಅದೇ ಕಣ್ಣಿಂದ ನೋಡಿದೆ. 1996ರ ಪಿಇಓ ಮಾಡೆಲ್ ನಮಗೆಲ್ಲ ಪಾಠದಲ್ಲಿದೆ: ವ್ಯಕ್ತಿ, ಪರಿಸರ, ಕೆಲಸ, ಈ ಮೂರೂ ಹೊಂದಿಕೊಳ್ಳಬೇಕು. ವಾರ್ಡಿನ ಪೋಸ್ಟಿಂಗ್ ಮುಗಿಸಿ ಬಂದ ಸಂಜೆ ನನಗೆ ತಲೆ ಓಡುತ್ತಿರಲಿಲ್ಲ, ಅದಕ್ಕೆ ಬರೆಯುವುದನ್ನು ಬೆಳಗ್ಗೆಗೆ ಹಾಕಿಕೊಂಡೆ. ಹಾಸ್ಟೆಲ್ ರೂಮ್ ಬಿಟ್ಟು ಲೈಬ್ರರಿಗೆ ಹೋದೆ. ಕೆಲಸವನ್ನು ರೋಗಿಗೆ ಗ್ರೇಡ್ ಮಾಡುವ ಹಾಗೆಯೇ, ಅಂದರೆ ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಅಂತ ಗ್ರೇಡ್ ಮಾಡಿದೆ. ಕೈಗೆ ಬಲ ಬರಲು ಹಿಸುಕುವ ಥೆರಪುಟ್ಟಿಯಲ್ಲಿ ಮೆತ್ತಗಿನದು ಕೊಟ್ಟು ಆಮೇಲೆ ಗಟ್ಟಿಯದು ಕೊಡುತ್ತೇವೆ, ಅಲ್ವಾ? ಮೊದಲು ಅಂಕಗಳ ಟೇಬಲ್, ನಂತರ ಮಾಡಿದ ಥೆರಪಿಯ ವಿವರ, ಅದಾದ ಮೇಲೆ ಚರ್ಚೆ. ಇಂಟ್ರೊಡಕ್ಷನ್ ಎಲ್ಲಕ್ಕಿಂತ ಕೊನೆಗೆ. ಖಾಲಿ ಹಾಳೆಯಲ್ಲಿ ಇಂಟ್ರೊಡಕ್ಷನ್‌ನಿಂದ ಶುರು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಓದಿನ ಜೊತೆಗಾರರು ಸಿಕ್ಕಿದ್ದೂ ಲೈಬ್ರರಿಯಲ್ಲೇ. ಬೇರೆ ಬೇರೆ ವರ್ಷದ ನಾವು ಕೆಲವರು ಒಂದೇ ಟೇಬಲ್‌ಗೆ ಕೂರುತ್ತಿದ್ದೆವು. ಇವತ್ತು ಏನು ಬರೆಯುತ್ತೇನೆ ಅಂತ ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು, ಆಮೇಲೆ ಮಾತಿಲ್ಲ. ಪಬ್‌ಮೆಡ್‌ನಲ್ಲಿ ಹುಡುಕುವುದನ್ನು ಲೈಬ್ರರಿಯನ್ ಸರ್ ಕಲಿಸಿದರು, ಅದು ವೈದ್ಯಕೀಯ ಲೇಖನಗಳನ್ನು ಹುಡುಕುವ ವೆಬ್‌ಸೈಟ್. ರೆಫರೆನ್ಸ್‌ಗೆ ಝೊಟೆರೊ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ, ದುಡ್ಡು ಕೊಡಬೇಕಿಲ್ಲ. ಇಂಡಿಯನ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿಯನ್ನು ತಪ್ಪದೇ ನೋಡಿ. ನಮ್ಮವರು ಹೇಗೆ ಬರೆಯುತ್ತಾರೆ ಅನ್ನುವುದು ತಿಳಿಯುತ್ತದೆ.

ಗೈಡ್ ಹತ್ತಿರ "ಮೇಡಂ, ಬರೆಯೋಕೆ ಆಗ್ತಿಲ್ಲ" ಅಂದರೆ ಅವರಾದರೂ ಏನು ಹೇಳಿಯಾರು? "ಮೇಡಂ, ನುಂಗುವ ಪರೀಕ್ಷೆಯನ್ನು ಅಸೆಸ್‌ಮೆಂಟ್‌ನಲ್ಲಿ ಬರೀಲಾ, ಪ್ರಿಕಾಷನ್ಸ್‌ನಲ್ಲಾ?" ಅಂತ ಕೇಳಿದಾಗ ಅಲ್ಲೇ ನಿಂತು ಉತ್ತರ ಕೊಟ್ಟರು: ಎರಡರಲ್ಲೂ, ಆದರೆ ಪ್ರಿಕಾಷನ್ಸ್‌ನಲ್ಲಿ ಒಂದೇ ಸಾಲು. ಅಂಥ ಸಣ್ಣ ಪ್ರಶ್ನೆಗಳಿಂದಲೇ ನನ್ನ ಚರ್ಚೆಯ ಭಾಗ ಬೆಳೆಯಿತು.

ನಿದ್ದೆ ಹೋಗಿದೆ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಹೀಗೇ ದಿನಗಳು ಹೋಗುತ್ತಿವೆ ಅಂದರೆ ಟೇಬಲ್ ಬದಲಿಸಿ, ಸಮಯ ಬದಲಿಸಿ ಕಾಯುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ರೋಗಿಗಳಿಗೆ ಸಂಕೋಚವಿಲ್ಲದೆ ಹೇಳುವ ಈ ನಂಬರನ್ನು ಸಹಪಾಠಿಗಳಿಗೂ ಹೇಳಿ.