ಮೇಲಾಹಾರ ಆರಂಭಿಸಿದ ಮಗುವಿನ ರಾತ್ರಿ ಊಟಕ್ಕೆ ಕೆಲವು ಬಗೆಗಳು

ಆರು ತಿಂಗಳು ತುಂಬಿ ಎದೆಹಾಲಿನೊಂದಿಗೆ ಮೇಲಾಹಾರ ಆರಂಭಿಸಿದ ಮಗುವಿಗೆ ಪ್ರತಿ ರಾತ್ರಿಯೂ ರಾಗಿ ಸರಿಯನ್ನೇ ಕೊಡುವ ಬದಲು, ಮನೆಯವರ ಅಡುಗೆಗೆ ಉಪ್ಪು, ಖಾರ ಹಾಕುವ ಮೊದಲೇ ಮಗುವಿನ ಪಾಲನ್ನು ತೆಗೆದಿಟ್ಟುಕೊಂಡರೆ ದಿನಕ್ಕೊಂದು ಬಗೆಯ ಊಟ ಹೆಚ್ಚಿನ ಶ್ರಮವಿಲ್ಲದೆ ಸಿದ್ಧವಾಗುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಸಿಹಿಗುಂಬಳದ ಮೆತ್ತನೆಯ ಅನ್ನ. ಎರಡು ಚಮಚ ಅಕ್ಕಿ ಮತ್ತು ಒಂದು ಚಮಚ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ, ಒಂದು ಹೋಳು ಸಿಹಿಗುಂಬಳ ಹಾಗೂ ಚಿಟಿಕೆ ಜೀರಿಗೆ ಪುಡಿ ಸೇರಿಸಿ, ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಕೂಗಿಸಿ, ಬಿಸಿಯಿರುವಾಗಲೇ ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆದು ಅರ್ಧ ಚಮಚ ತುಪ್ಪ ಬೆರೆಸಬೇಕು. ಚಮಚವನ್ನು ಓರೆ ಮಾಡಿದಾಗ ಅದು ನೀರಾಗಿ ಸುರಿಯದೆ ನಿಧಾನವಾಗಿ ಜಾರುವಷ್ಟು ಗಟ್ಟಿಯಿರಲಿ. ತೀರಾ ತೆಳ್ಳಗಾದರೆ ಪುಟ್ಟ ಹೊಟ್ಟೆ ತುಂಬುತ್ತದೆಯೇ ಹೊರತು ಪೋಷಣೆ ಸಾಲುವುದಿಲ್ಲ.

ಉಳಿದ ದಿನಗಳಲ್ಲಿ ಬೇಳೆಕಟ್ಟಿನಲ್ಲಿ ನೆನೆಸಿ ಹಿಸುಕಿದ ಇಡ್ಲಿ, ಬೇಯಿಸಿದ ಆಲೂಗೆಡ್ಡೆ ಮತ್ತು ಕ್ಯಾರೆಟ್, ಮೊಟ್ಟೆ ತಿನ್ನುವ ಮನೆಗಳಲ್ಲಿ ಪೂರ್ತಿ ಬೆಂದ ಮೊಟ್ಟೆ ಕಲಸಿದ ಅನ್ನ ಕೊಡಬಹುದು. ನುಣ್ಣಗೆ ಅರೆದ ಸೊಪ್ಪು ಸೇರಿಸಿದ ದಿನ ಎರಡು ಹನಿ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ.

ಯಾವುದೇ ಹೊಸ ಪದಾರ್ಥವನ್ನು ಮೊದಲು ಬೆಳಗಿನ ಹೊತ್ತು ಸ್ವಲ್ಪವೇ ತಿನ್ನಿಸಿ ನೋಡುವುದು ಕ್ಷೇಮ, ಏಕೆಂದರೆ ಗಂಧೆಯೋ ವಾಂತಿಯೋ ಕಾಣಿಸಿಕೊಂಡರೆ ಹಗಲಿನಲ್ಲಿ ವೈದ್ಯರನ್ನು ಕಾಣುವುದು ಸುಲಭ. ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು. ಹಿರಿಯರು ಒತ್ತಾಯಿಸಿದರೂ ಈ ವಿಷಯದಲ್ಲಿ ದಯವಿಟ್ಟು ಮಣಿಯಬೇಡಿ.