ಹಂದಿ ಗಬ್ಬ ಆಗಿದ್ಯಾ? ಹೊಟ್ಟೆ ಕಾಣೋವರೆಗೂ ಕಾಯ್ಬೇಡಿ, 25ನೇ ದಿನಕ್ಕೇ ಸ್ಕ್ಯಾನ್ ಮಾಡಿ

ಮಂಡ್ಯ ಮೈಸೂರು ಕಡೆ ಹತ್ತು ಹದಿನೈದು ಹಂದಿ ಇಟ್ಕೊಂಡಿರೋ ಸುಮಾರು ಜನ ಇವತ್ತಿಗೂ ಹೊಟ್ಟೆ ಇಳಿದಿದ್ಯಾ, ಕೆಚ್ಚಲು ಬಿಟ್ಟಿದ್ಯಾ ಅಂತ ನೋಡೇ ಗಬ್ಬ ಹೇಳೋದು, ಅದು ಗೊತ್ತಾಗೋ ಹೊತ್ತಿಗೆ ಮೂರು ತಿಂಗಳು ಕಳೆದೋಗಿರುತ್ತೆ. ನಮ್ಮ ಪಾಂಡವಪುರದ ಕೊಟ್ಟಿಗೇಲಿ ಮೊದಲ ವರ್ಷ ಹಿಂಗೇ ಆಯ್ತು. ಒಂದು ಯಾರ್ಕ್‌ಷೈರ್ ತಳಿ ಹೆಣ್ಣು ಮತ್ತೆ ಬೆದೆಗೆ ಬರ್ಲಿಲ್ಲ, ಗಬ್ಬ ನಿಂತಿದೆ ಅಂದ್ಕೊಂಡು ಮೇವು ಹಾಕಿದ್ವಿ, ಈಯೋ ದಿನಕ್ಕೆ ಹುಲ್ಲು ಹಾಸಿ ಬಲ್ಬ್ ಕಟ್ಟಿ ರಾತ್ರಿಯೆಲ್ಲ ಕಾದ್ವಿ, ಒಂದು ಮರಿನೂ ಇಲ್ಲ. ದಿನಕ್ಕೆ 2 ಕೆಜಿ ಲೆಕ್ಕ ಹಿಡಿದ್ರೂ ಗಂಡು ಬಿಟ್ಟ ಮೇಲೆ 21ನೇ ದಿನದಿಂದ ಈಯೋ 114ನೇ ದಿನದವರೆಗೆ 186 ಕೆಜಿ ಫೀಡ್ ಖಾಲಿ ಹೊಟ್ಟೆಗೆ ಹೋಯ್ತು. ಆವತ್ತಿಂದ ಸ್ಕ್ಯಾನ್ ಮಾಡ್ದೆ ಯಾವ ಹಂದಿನೂ ಗಬ್ಬ ಅಂತ ನಾನು ಹೇಳಲ್ಲ.

ಮೊದಲನೇ ಕೆಲಸ ಮೆಷಿನ್ ಅಲ್ಲ, ತಾರೀಖು. ಮನೇಲಿ ಒಂಟಿಕೊಪ್ಪಲ್ ಪಂಚಾಂಗ ನೇತಾಕಿರೋ ಜಾಗದಲ್ಲೇ ಒಂದು ನೋಟ್‌ಬುಕ್ ಇಡಿ, ಗಂಡು ಬಿಟ್ಟ ದಿನ ಇಲ್ಲಾ ವೀರ್ಯದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ ದಿನ ಅವತ್ತೇ ಬರೀರಿ. ಜೂನ್ 1ಕ್ಕೆ ಕೊಡಿಸಿದ್ರೆ ಜೂನ್ 19ರಿಂದ 25ರವರೆಗೆ ಗಂಡು ಹಂದಿನ ದಿನಾ ಅದರ ಮುಂದೆ ಓಡಾಡಿಸಿ, ಬೆನ್ನು ಅದುಮಿ ನೋಡಿ, ಕಿವಿ ನಿಗುರಿಸಿ ಅಲ್ಲಾಡದೆ ನಿಂತ್ರೆ ಬೆದೆ ಬಂದಿದೆ, ಗಬ್ಬ ಇಲ್ಲ ಅಂತಾನೇ ಲೆಕ್ಕ. ನಿಲ್ಲಲಿಲ್ಲ ಅಂದ್ರೆ ಜೂನ್ 26ರ ಮೇಲೆ, ಅಂದ್ರೆ 25ರಿಂದ 30ನೇ ದಿನದೊಳಗೆ ಸ್ಕ್ಯಾನ್. 21ನೇ ದಿನಕ್ಕೂ ಮುಂಚೆ ಆತುರಪಟ್ಟು ಮಾಡಿದ್ರೆ ಗಬ್ಬ ಇದ್ರೂ ಕಾಣ್ದೆ ಹೋಗ್ಬಹುದು, ಒಳ್ಳೆ ಹಂದಿನ ಸುಮ್ನೆ ಮಾರಿಬಿಡ್ತೀರಾ.

ಮೆಷಿನ್‌ನಲ್ಲಿ ಎರಡು ತರ. ಬೀಪ್ ಅಂತ ಸದ್ದು ಮಾಡೋದು ಅಗ್ಗ, ಆದ್ರೆ ಅದು ಹೊಟ್ಟೇಲಿ ನೀರು ಇದೆ ಅಂತಷ್ಟೇ ಹೇಳುತ್ತೆ, ಮೂತ್ರಕೋಶದ ನೀರಿಗೂ ಬೀಪ್ ಅನ್ನುತ್ತೆ, 30ನೇ ದಿನಕ್ಕೆ ಮುಂಚೆ ನಂಬಂಗಿಲ್ಲ, ಗಬ್ಬ ತುಂಬ ಬಲಿತ ಮೇಲೂ ನಂಬಂಗಿಲ್ಲ. ಪರದೆ ಮೇಲೆ ಚಿತ್ರ ತೋರಿಸೋದೇ ಒಳ್ಳೇದು, ಮೈಗೆ ಒತ್ತಿ ಹಿಡಿಯೋ ಪ್ರೋಬ್ 3.5 ಅಥವಾ 5 ಮೆಗಾಹರ್ಟ್ಜ್ ಇರ್ಲಿ. ನಾಲ್ಕು ಹಂದಿಗೋಸ್ಕರ ಕೊಳ್ಳೋ ಅಗತ್ಯ ಇಲ್ಲ, ಪಶುವೈದ್ಯರನ್ನ ಕರೆಸಿ. ಇನ್ನೊಂದು ಮಾತು, 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ಭ್ರೂಣದ ಲಿಂಗ ತಿಳಿಯೋಕಾಗೋ ಸ್ಕ್ಯಾನರ್‌ನ ನೋಂದಣಿ ಇಲ್ಲದವರಿಗೆ ಮಾರೋ ಹಂಗಿಲ್ಲ, 2023ರಲ್ಲಿ ನಮ್ಮ ಮಂಡ್ಯದ ಆಲೆಮನೇಲೇ ಆ ಪಾಪದ ಕೆಲಸ ಸಿಕ್ಕಿಬಿದ್ದಿದ್ದು ಎಲ್ಲರಿಗೂ ಗೊತ್ತು. ಅದಕ್ಕೇ ಆನ್‌ಲೈನಲ್ಲಿ ಕಾಗದಪತ್ರ ಇಲ್ದೆ ಬರೋ ಮೆಷಿನ್ ಮುಟ್ಬೇಡಿ, ಕೊಳ್ಳೋದೇ ಆದ್ರೆ ಜಿಲ್ಲಾ ಆರೋಗ್ಯ ಕಚೇರೀಲಿ ಕೇಳ್ಕೊಂಡು ಕೊಳ್ಳಿ.

ಈಗ ಸ್ಕ್ಯಾನ್. ಬೆಳಿಗ್ಗೆ ಹಂದಿ ಎದ್ದು ಮೂತ್ರ ಮಾಡಿದ ಮೇಲೆ ಬಾನಿಗೆ ಮೇವು ಹಾಕಿ, ತಿಂತಾ ನಿಂತಿರುವಾಗಲೇ ಮಾಡಿ, ಹಗ್ಗ ಹಾಕಿ ಎಳೆದಾಡಿದ್ರೆ ಕಿರುಚಾಡಿ ಹೆದರುತ್ತೆ, ಹಂಗೆ ಹಿಂಸೆ ಮಾಡೋದು ತಪ್ಪು, ಚಿತ್ರನೂ ಸಿಗಲ್ಲ. ಹಿಂಗಾಲಿನ ಮುಂದೆ, ಮೊಲೆ ಸಾಲಿಗೆ ಸ್ವಲ್ಪ ಮೇಲೆ, ಹಿಂದಿನಿಂದ ಎರಡನೇ ಮೊಲೆ ನೇರಕ್ಕೆ ಚರ್ಮ ಮೆತ್ತಗಿರುತ್ತೆ ನೋಡಿ, ಅಲ್ಲಿ ಕೆಸರು ಒರೆಸಿ ಧಾರಾಳವಾಗಿ ಜೆಲ್ ಹಚ್ಚಿ, ಜೆಲ್ ಇಲ್ದಿದ್ರೆ ಅಡುಗೆ ಎಣ್ಣೆನೂ ಆಗುತ್ತೆ, ಕೆಲಸ ಆದ ತಕ್ಷಣ ಪ್ರೋಬ್ ಒರೆಸಿಬಿಡಿ. ಪ್ರೋಬ್‌ನ ಗಟ್ಟಿಯಾಗಿ ಒತ್ತಿ, ಬೆನ್ನಿನ ಕಡೆಗೆ 45 ಡಿಗ್ರಿ ಓರೆ ಮಾಡಿ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿ. ಗಾಳಿ ಸೇರ್ಕೊಂಡ್ರೆ ಪರದೆ ಪೂರ್ತಿ ಮಬ್ಬು. ಶೆಡ್ಡಲ್ಲಿ ಬಿಸಿಲು ಹೊಡೀತಿದ್ರೆ ತಲೆ ಮೇಲೆ ಟವಲ್ ಹೊದ್ದು ನೋಡಿ.

ಏನು ಕಾಣ್ಬೇಕು ಅಂದ್ರೆ, ಬೂದು ಬಣ್ಣದ ಮಧ್ಯೆ ಸೆಟ್ ದೋಸೆ ಮೇಲಿನ ತೂತುಗಳ ಹಾಗೆ ಕಪ್ಪು ಕಪ್ಪು ಚೀಲಗಳು, ಒಂದು ದೊಡ್ಡದು ಒಂದು ಚಿಕ್ಕದು, ಅಂಚು ಸೊಟ್ಟಪಟ್ಟ. ಅದೇ ಗರ್ಭದ ನೀರು. ಒಂದೇ ಒಂದು ದೊಡ್ಡ ನುಣುಪಾದ ಕಪ್ಪು ಗುಂಡು ಕಂಡ್ರೆ ಅದು ಮೂತ್ರಕೋಶ, ಹೊಸಬರು ಮೋಸ ಹೋಗೋದು ಇಲ್ಲೇ, ಸ್ವಲ್ಪ ಮುಂದಕ್ಕೆ ತಿರುಗಿಸಿ ಮತ್ತೆ ಹುಡುಕಿ. ಒಂದು ಕಡೆ ಏನೂ ಕಾಣ್ಲಿಲ್ಲ ಅಂದ್ರೆ ಇನ್ನೊಂದು ಪಕ್ಕದಿಂದಲೂ ನೋಡಿ, ಆಮೇಲೇ ಖಾಲಿ ಅಂತ ಬರೀರಿ. ಗರ್ಭದಲ್ಲಿ ಕೀವು ತುಂಬಿದ್ರೂ ಮೋಸ ಆಗ್ಬಹುದು, ಹಿಂದಿನಿಂದ ಬಿಳಿ ಸ್ರಾವ ಇದ್ರೆ ಡಾಕ್ಟರ್‌ಗೆ ಹೇಳ್ಲೇಬೇಕು. ಮರಿ ಎಷ್ಟಿದೆ ಅಂತ ಎಣಿಸೋಕೆ ಹೋಗ್ಬೇಡಿ, ಅಷ್ಟು ಸರಿಯಾಗಿ ಗೊತ್ತಾಗಲ್ಲ.

ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಮೆಷಿನ್ ಹೋಗೋದಾದ್ರೆ ಪ್ರೋಬ್, ವೈರು, ಬೂಟು ಎಲ್ಲ ಸೋಂಕುನಾಶಕದಲ್ಲಿ ಒರೆಸಲೇಬೇಕು. 2020ರಲ್ಲಿ ಅಸ್ಸಾಂ ಅರುಣಾಚಲದಲ್ಲಿ ಕಾಣಿಸ್ಕೊಂಡ ಆಫ್ರಿಕನ್ ಹಂದಿ ಜ್ವರಕ್ಕೆ ಔಷಧಿ ಇಲ್ಲ, ಬಂದ್ರೆ ಕೊಟ್ಟಿಗೆಗೆ ಕೊಟ್ಟಿಗೇನೇ ಹೋಗುತ್ತೆ.

ಗಬ್ಬ ಅಂತ ಬಂದ್ರೂ 45ನೇ ದಿನದ ಸುಮಾರಿಗೆ, ಜೂನ್ 1ರ ಲೆಕ್ಕದಲ್ಲಿ ಜುಲೈ 16ಕ್ಕೆ, ಇನ್ನೊಂದ್ಸಲ ನೋಡಿ, ಮಧ್ಯೆ ಕರಗಿಹೋಗೋದೂ ಉಂಟು. ಅದೂ ಸರಿ ಇದ್ರೆ ಈಯೋ ದಿನ ಸೆಪ್ಟೆಂಬರ್ 23 ಅಂತ ನೋಟ್‌ಬುಕ್ಕಲ್ಲಿ ಕೆಂಪಲ್ಲಿ ಬರೆದು, ಒಂದು ವಾರ ಮುಂಚೆನೇ ಈಯೋ ಕೋಣೆಗೆ ಹಾಕಿ. ಖಾಲಿ ಅಂತ ಬಂದಿದ್ದನ್ನ ಕೂಡ್ಲೇ ಮಾರ್ಬೇಡಿ, 38ರಿಂದ 45ನೇ ದಿನದೊಳಗೆ ಗಂಡು ಮುಂದೆ ನಿಲ್ಲಿಸಿ ನೋಡಿ, ಬೆದೆ ಬಂದ್ರೆ ಇನ್ನೊಂದು ಸಲ ಕೊಡಿಸಿ. ನಮ್ಮ ಹತ್ರ ಹಂಗೆ ಖಾಲಿ ಅಂತ ಬರೆದಿದ್ದ ಒಂದು ಹೆಣ್ಣು 42ನೇ ದಿನ ಬೆದೆಗೆ ಬಂತು, ಮುಂದಿನ ಸ್ಕ್ಯಾನಲ್ಲಿ ಕಪ್ಪು ಚೀಲಗಳು ಸಾಲಾಗಿ ಕಂಡಾಗ ನನ್ನ ಹೆಂಡ್ತಿ ಟವಲ್ ಒಳಗೇ ತಲೆ ತೂರಿಸಿ ನೋಡಿದ್ಲು.